ಅಜವಾನದ ಎಲೆ ತಿಂದ ಖಾಲಾ

ಕೂಸು ಎಚ್ಚರ ತಪ್ಪಿದ್ದು ಅಜವಾನದ ಎಲೆಯ ರಸದಿಂದಲ್ಲ, ಅದರ ಸ್ವಂತ ಅಜ್ಜಿ ತೇಯ್ದು ಕುಡಿಸಿದ ಅಫೀಮಿನಿಂದ. ಕೂಸು ಮಲಗಿದರೆ ರೊಟ್ಟಿ ಬಡಿಯಬಹುದು ಎಂದು ಕೊಟ್ಟಿದ್ದಳಂತೆ. ಸಂಜೆ ದವಾಖಾನೆಯಲ್ಲಿ ಕೂಸು ಕಣ್ಣು ತೆರೆದ ಮೇಲೆ ಬಾಯಿಬಿಟ್ಟಳು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಐವತ್ತು ವರ್ಷದ ಹಿಂದೆ ವಿಜಾಪುರದಲ್ಲಿ ನಮ್ಮ ಬಾಜೂಮನೆಯ ಖಾಲಾ, ಓಣಿಗೆಲ್ಲ ಚಿಕ್ಕಮ್ಮನಂತಿದ್ದವರು, ಆ ಗಿಡವನ್ನು, ಅದೇ ದೊಡ್ಡಪತ್ರೆಯನ್ನು, ಎಣ್ಣೆಯ ಡಬ್ಬಿಯಲ್ಲಿ ಬೆಳೆಸಿದ್ದರು. ನಳಕ್ಕೆ ನೀರು ಬಾರದ ದಿನ ಆ ನೀರಾದರೂ ಗಿಡಕ್ಕೆ ಬೀಳಲಿ ಎಂದು ಡಬ್ಬಿಯ ಮೇಲೆ ಬಗ್ಗಿಯೇ ಮುಖ ತೊಳೆಯುತ್ತಿದ್ದರು. ಓಣಿಯ ಯಾವ ಕೂಸು ಕೆಮ್ಮಿದರೂ ಎಲೆಯನ್ನು ಹಂಚಿನ ಮೇಲೆ ಬಾಡಿಸಿ ಹಿಂಡುವರು, ಒಂದು ಹನಿ ತಾವು ನೆಕ್ಕುವರು. "ಮೊದಲ ನನ್ನ ನಾಲಿಗಿ, ಆಮ್ಯಾಲ ನಿಮ್ಮ ಕೂಸು" ಎನ್ನುವರು.

ಆ ದಿನ ಮುಂಜಾನೆ ಆ ಕೂಸಿಗೆ ರಸ ಹಾಕಿಸಿಕೊಂಡು ಹೋಗಿದ್ದ ಅದರ ಅಪ್ಪ ಮಧ್ಯಾಹ್ನ ಬಂದು ಡಬ್ಬಿಯನ್ನು ಒದ್ದ. "ಏನ ಕುಡಿಸಿದಿ ಬೇ ನನ್ನ ಮಗಗ? ಹೆಣ ಬಿದ್ದಂಗ ಬಿದ್ದೈತಿ."

ಖಾಲಾ ಜಗಳಕ್ಕೆ ನಿಲ್ಲಲಿಲ್ಲ. ನೆಲಕ್ಕೆ ಬಿದ್ದ ಗಿಡದಿಂದ ಒಂದು ಹಿಡಿ ಎಲೆ ಕಿತ್ತು, ಮಣ್ಣಿನ ಸಮೇತ ಬಾಯಿಗೆ ತುರುಕಿಕೊಂಡು ಅಗಿದರು. ಖಾರಕ್ಕೆ ಕಣ್ಣಲ್ಲಿ ನೀರಿಳಿಯಿತು. "ಇಲ್ಲೇ ಕುಂತೇನಿ. ಸಾಯ್ತೇನೇನ ನೋಡ್ರಿ" ಎಂದು ಕಟ್ಟೆಯ ಮೇಲೆ ಕುಳಿತರು. ಅವರ ಕೈಯಿಂದಲೇ ಬದುಕಿದ ಮಕ್ಕಳ ತಾಯಂದಿರು ನಿಂತು ನೋಡಿದರು, ಯಾರೂ ಒಂದು ತಂಬಿಗೆ ನೀರು ತರಲಿಲ್ಲ. ನಾನೂ ಹೊಸ್ತಿಲಲ್ಲೇ ನಿಂತಿದ್ದೆ.

ನಿಜ ತಿಳಿದ ಮೇಲೂ ಯಾರಿಗೂ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಮರುದಿನ ಬೆಳಿಗ್ಗೆ, ಓಣಿಯೆಲ್ಲ ನಳದ ಮುಂದೆ ನಿಂತು ನೋಡುತ್ತಿದ್ದ ಹೊತ್ತಿಗೇ, ನಾನು ಖಾಲಾನ ಬಾಗಿಲು ತಟ್ಟಿ, ಕೆಮ್ಮುತ್ತಿದ್ದ ನನ್ನ ಮಗಳನ್ನು ಅವರ ತೊಡೆಯ ಮೇಲೆ ಮಲಗಿಸಿದೆ.