ಬಾ ಮನೆಯ ಹೆಂಚು

ನಾನು ಚಿಕ್ಕವಳಿದ್ದಾಗ ಭಾನುವಾರ ಎಂದರೆ ಎಣ್ಣೆ ಸ್ನಾನ, ಆಮೇಲೆ ಟಿವಿ. ಅದಕ್ಕೆ ಯಾರಾದರೂ ಅಡ್ಡ ಬಂದರೆ ನನಗೆ ಕೆಂಡದಂಥ ಕೋಪ. ಆಗ ನಾವು ಗುಜರಾತಿನ ಬರೋಡಾದಲ್ಲಿದ್ದೆವು. ಬ್ಯಾಂಕಿನವರು ಅಪ್ಪನನ್ನು ಧಾರವಾಡದಿಂದ ಅಲ್ಲಿಗೆ ವರ್ಗ ಮಾಡಿದ್ದರು, ಗೋರ್ವಾ ಬಡಾವಣೆಯಲ್ಲಿ ಮನೆ. ಆ ಸಲ ಮಳೆಗಾಲದ ಮೊದಲಿಗೇ ಚಂಡಮಾರುತ ಬೀಸಿ ಸುತ್ತಲಿನ ಹಳ್ಳಿಮನೆಗಳ ಹೆಂಚು ಹಾರಿಹೋದವು. ಭಾನುವಾರ ಹೋಗಿ ಕೈಲಾದಷ್ಟು ರಿಪೇರಿ ಮಾಡಿಕೊಟ್ಟು ಬರೋಣ ಎಂದು ಕಾಲೊನಿಯವರು ಮಾತಾಡಿಕೊಂಡಾಗ ಮೊದಲು ಕೈ ಎತ್ತಿದ್ದು ಯಾರು? ನಮ್ಮಪ್ಪನೇ! ನಾನು ಮುಖ ಊದಿಸಿಕೊಂಡು ಸ್ಕೂಟರಿನ ಮುಂದೆ ನಿಂತೆ, ಅಕ್ಕ ಹಿಂದೆ ಕೂತಳು.

ನಮ್ಮ ಪಾಲಿಗೆ ಬಂದದ್ದು ಒಂದೇ ಕೋಣೆಯ ಮನೆ. ಒಳಗೆ ನಿಂತು ತಲೆ ಎತ್ತಿದರೆ ಮರದ ಪಟ್ಟಿಗಳ ನಡುವೆ ಬರೀ ಆಕಾಶ. ಒದ್ದೆ ಮಣ್ಣಿನ ಗೋಡೆಯ ವಾಸನೆ, ಮುರಿದ ಬೇವಿನ ಕೊಂಬೆಯ ಕಹಿ ವಾಸನೆ. ಮನೆಯಲ್ಲಿದ್ದದ್ದು ಒಬ್ಬ ಅಜ್ಜಿ. ಗುಜರಾತಿಯಲ್ಲಿ ತಾಯಿಗೂ ಅಜ್ಜಿಗೂ 'ಬಾ' ಎನ್ನುತ್ತಾರೆ. ಊರೆಲ್ಲ ಅವರನ್ನು ಬಾ ಎಂದೇ ಕರೆಯುತ್ತಿತ್ತು. ಅವರ ಸೊಸೆ ತವರಿನಲ್ಲಿ ಹೆತ್ತಿದ್ದಳು. ಮಗ ಹೆಂಡತಿಯನ್ನೂ ಕೂಸನ್ನೂ ಕರೆತರಲು ಹೋಗಿದ್ದ, ಸಂಜೆಯ ಬಸ್ಸಿಗೆ ಬರುವವರಿದ್ದರು. ಬಾ ಇನ್ನೂ ಮೊಮ್ಮಗಳ ಮುಖ ನೋಡಿರಲಿಲ್ಲ.

"ಬಸ್ಸು ಬರುವುದರೊಳಗೆ ತೊಟ್ಟಿಲಿನ ಮೇಲಾದರೂ ಹೆಂಚು ಕೂರದಿದ್ದರೆ, ಅದೇ ಬಸ್ಸಿನಲ್ಲಿ ವಾಪಸ್ ಕಳಿಸುತ್ತೇನೆ. ಕೂಸು ನೆನೆಯಬಾರದು" ಎಂದರು ಬಾ. ಗುಜರಾತಿ ಬಾರದ ಅಪ್ಪನಿಗೆ ಅಕ್ಕ ಅದನ್ನು ಕನ್ನಡದಲ್ಲಿ ಹೇಳುತ್ತಲೇ ಅವರು ಪ್ಯಾಂಟು ಮಡಚಿಕೊಂಡು ಏಣಿ ಹತ್ತಿದರು. ನನ್ನ ಮುನಿಸೂ ಎಲ್ಲಿಗೋ ಓಡಿಹೋಯಿತು.

ಅಂಗಳದ ತುಂಬ ಬಿದ್ದ ಹೆಂಚುಗಳಲ್ಲಿ ಒಡೆಯದವನ್ನು ಆರಿಸಿ ತರುವುದು ನನ್ನ ಕೆಲಸ. ಅಕ್ಕ ಏಣಿಯ ನಡುವೆ ನಿಂತು ಅವನ್ನು ಮೇಲಕ್ಕೆ ಕೊಡುತ್ತಿದ್ದಳು. ನಾನೋ, ಮಹಾ ನಿಧಾನಿ. ಅಪ್ಪ ಮೇಲಿನಿಂದ ನನ್ನನ್ನು ಕೂಗಿದರು, "ಏ ತಂಗಿ, ಲಗೂ ಬಾ! ಬಾ!"

"ಆವೀ ದೀಕ್ರಾ!" ಬಂದೆ ಮಗನೇ, ಎನ್ನುತ್ತ ಬಾ ಒಲೆ ಬಿಟ್ಟು ಹೊರಗೆ ಓಡಿ ಬಂದರು. ಅಪ್ಪ ಏನೂ ತಿಳಿಯದೆ ಸುಮ್ಮನೆ ನಕ್ಕರು. ನೀರು ಬೇಕಾಗಿತ್ತೇನೋ ಎಂದುಕೊಂಡು ಬಾ ಚೊಂಬು ತಂದರು. ಮತ್ತೊಮ್ಮೆ ಅಪ್ಪ ನನ್ನನ್ನು ಕರೆದಾಗ ಜೀರಿಗೆ ಹಾಕಿದ ಮಜ್ಜಿಗೆ ಬಂತು. ಇನ್ನೊಮ್ಮೆ ಕರೆದಾಗ ಬೆಲ್ಲ, ಬೆಣ್ಣೆ, ಬಿಸಿ ಸಜ್ಜೆ ರೊಟ್ಟಿ. "ಇದು ನಮ್ಮ ಊರಿನ ರೊಟ್ಟಿನಽ ನೋಡ್ರಿ!" ಎಂದು ಅಪ್ಪ ಸೂರಿನ ಮೇಲೆ ಕೂತೇ ತಿಂದರು. ನನಗೂ ಅಕ್ಕನಿಗೂ ನಗು ತಡೆಯಲಾಗಲಿಲ್ಲ. ತಿನ್ನಲು ಸಿಗುತ್ತಿದೆಯಲ್ಲ ಎಂದು ನಾವೂ ಬಾಯಿ ಬಿಡಲಿಲ್ಲ.

ಮಧ್ಯಾಹ್ನ ಸೂರಿನಿಂದ ಒಂದು ಹೆಂಚು ಜಾರಿತು. ಅದರ ನೇರ ಕೆಳಗೆ ನಾನಿದ್ದೆ. "ಈ ಕಡೆ ಬಾ! ಬಾ!" ಎಂದು ಅಪ್ಪ ಚೀರಿದರು. ನಾನು ಆಚೆ ಓಡಿದೆ, ಬಾ ಒಳಗಿನಿಂದ ನಾನು ನಿಂತಿದ್ದ ಜಾಗಕ್ಕೇ ಓಡಿ ಬಂದರು. ಅವರ ಕಾಲಿನ ಪಕ್ಕದಲ್ಲೇ ಹೆಂಚು ಬಿದ್ದು ಚೂರಾಯಿತು. ಅಯ್ಯೋ ಶಿವನೇ, ನಾನು ಅವರ ಕಾಲನ್ನೇ ನೋಡಿದೆ. ಬಾ ಮಾತ್ರ ಕಾಲು ನೋಡಿಕೊಳ್ಳಲಿಲ್ಲ, "ಛೆ, ಒಳ್ಳೆ ಹೆಂಚು ಹೋಯಿತಲ್ಲ!" ಎಂದು ಪೇಚಾಡಿದರು.

ಆಗ ಗುಟ್ಟು ಬಿಡಲೇಬೇಕಾಯಿತು. "ನಮ್ಮ ಭಾಷೆಯಲ್ಲಿ ಬಾ ಎಂದರೆ ಇಲ್ಲಿಗೆ ಬರಲು ಹೇಳುವುದು" ಎಂದು ಗುಜರಾತಿಯಲ್ಲಿ ಹೇಳಿದೆ. ಬಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು ನಕ್ಕು ಜಗಲಿಯ ಮೇಲೆ ಕೂತೇಬಿಟ್ಟರು. "ಹಾಗಾದರೆ ನಿಮ್ಮ ಊರಿನಲ್ಲಿ ಎಲ್ಲರೂ ದಿನವಿಡೀ ನನ್ನನ್ನೇ ಕೂಗುತ್ತಾರಾ?" ಎಂದರು.

ಮೋಡ ಕಪ್ಪಾಗುತ್ತ ಬಂತು. ತೊಟ್ಟಿಲಿನ ಮೂಲೆ, ಒಲೆಯ ಮೂಲೆ ಮುಗಿದವು. ಬಾ ಮಲಗುವ ಮಂಚದ ಮೇಲೆ ಬರುವಷ್ಟರಲ್ಲಿ ಹೆಂಚು ಖಾಲಿ. "ಅಲ್ಲಿ ಮಲಗುವವಳು ನಾನು ತಾನೇ, ಇರಲಿ ಬಿಡಿ" ಎಂದರು ಬಾ. ಅಪ್ಪ ಕೆಳಗಿಳಿದರು. ಅವರಿಗೆ ಸ್ಕೂಟರ್ ಎಂದರೆ ಮೂರನೇ ಮಗಳು. ಡಿಕ್ಕಿಯಿಂದ ಅದರ ಹೊಸ ರೇನ್ ಕವರ್ ತೆಗೆದು, ತೆರೆದ ಜಾಗಕ್ಕೆ ಹರಡಿ ಹಗ್ಗದಿಂದ ಬಿಗಿದು ಕಟ್ಟಿದರು.

ಬಸ್ಸೂ ಮಳೆಯೂ ಒಟ್ಟಿಗೇ ಬಂದವು. ಸೊಸೆ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲಿಗೆ ಬಂದಳು. ಬಾ ಎರಡೂ ಕೈ ಚಾಚಿ ನಮ್ಮ ಕಡೆ ಒಮ್ಮೆ ನೋಡಿ, ಥೇಟ್ ಅಪ್ಪನ ಹಾಗೆಯೇ ಕರೆದರು, "ಬಾ! ಬಾ!" ಅತ್ತೆ ಕೂಸಿಗೆ ಆಗಲೇ ತಮ್ಮನ್ನು ಕರೆಯುವುದನ್ನು ಕಲಿಸುತ್ತಿದ್ದಾರೆ ಎಂದುಕೊಂಡು ಸೊಸೆ ನಕ್ಕಳು. ಹೆಂಚಿನ ಮೇಲೆ ಮಳೆ ಧೋ ಎಂದು ಸುರಿಯಿತು. ಒಳಗೆ ಒಂದು ಹನಿಯೂ ಬೀಳಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ತೊಯ್ದು ತೊಪ್ಪೆಯಾಗಿ ಮನೆ ಸೇರಿದರೂ ಟಿವಿಯ ನೆನಪೇ ಆಗಲಿಲ್ಲ.

ನಿಮ್ಮ ಕಾಲ ಚೆನ್ನಾಗಿದೆ ಮಕ್ಕಳೇ. ಗಾಳಿ ಬರುವ ಮೊದಲೇ ಫೋನು ಹೇಳುತ್ತದೆ, ತಲೆಯ ಮೇಲೆ ಸಿಮೆಂಟಿನ ತಾರಸಿ ಇದೆ. ಆದರೆ ನಾನು ಅಡುಗೆಮನೆಯಿಂದ ಎಷ್ಟು ಸಲ "ಊಟಕ್ಕೆ ಬಾ" ಎಂದರೂ "ಟೂ ಮಿನಿಟ್ಸ್, ಅಜ್ಜಿ!" ಎನ್ನುತ್ತೀರಿ, ಸೋಫಾ ಬಿಟ್ಟು ಏಳುವುದಿಲ್ಲ. ಆಗೆಲ್ಲ ನನಗೆ ಅವರ ನೆನಪಾಗುತ್ತದೆ. ಅಪ್ಪ ಕರೆದದ್ದು ಅವರನ್ನಲ್ಲ. ಆದರೂ ಕರೆದಾಗಲೆಲ್ಲ ಅವರು ಓಡಿ ಬಂದರು.