ಸಾರಂಗ ಹಾಕಿದ ಸಾಲು

ಕಮಲಾಪುರದಲ್ಲಿ ಕೆಂಪು ಬಾಳೆಯ ಸಸಿ ಹಚ್ಚುವ ಮೊದಲು ಮಲ್ಕಪ್ಪ ಮಿಸ್ತ್ರಿಯನ್ನು ಕರೆಯುವುದು ರೂಢಿ. ಅವನು ‘ಸಾರಂಗ’ ಎಂಬ ಕಂಪನಿಯ ಸಣ್ಣ ಟ್ರ್ಯಾಕ್ಟರನ್ನು ಹೊಲದಲ್ಲಿ ಓಡಿಸುತ್ತಿದ್ದ. ಅದರ ಗಾಲಿಯ ಗುರುತಿಗೆ ಸರಿಯಾಗಿ ಜನ ಸಾಲು ಹಿಡಿಯುತ್ತಿದ್ದರು. ಸಾಲು ಒತ್ತಾದಷ್ಟೂ ಗಿಡ ಹೆಚ್ಚು. ಬೇರೆ ಯಾವ ಟ್ರ್ಯಾಕ್ಟರೂ ಆ ಸಂದಿಯಲ್ಲಿ ಹಾಯದು. ಹರೆಯದಿಂದಲೂ ಮಲ್ಕಪ್ಪ ಆ ಒಂದೇ ಬಗೆಯ ಗಾಡಿಗಳ ರಿಪೇರಿಯಿಂದ ಬದುಕಿದವನು. ತನ್ನ ಹೆಂಡತಿಯನ್ನು ಮನೆಗೆ ಕರೆತಂದದ್ದೂ ಸಾರಂಗದ ಮೇಲೆಯೇ.

ಈಗ ಸಾರಂಗದ ಕಂಪನಿ ಬೇರೆಯವರ ಕೈಗೆ ಹೋಗಿತ್ತು. ಅಂದು ಬೆಳಿಗ್ಗೆ ಕಲಬುರಗಿಯ ಸೇಡಂ ರಸ್ತೆಗೆ ಗೇರ್ ಕೇಳಲು ಹೋದರೆ, ಅಂಗಡಿಯ ಹಣಮಂತರಾಯ, “ಸಾಮಾನು ಬರೋದು ಬಂದ್ ಆಗ್ಯಾದ. ಮುಂದ ಗಾಡಿ ಮಾಡ್ತಾರೋ ಇಲ್ಲೋ, ಅವರಿಗೇ ಗೊತ್ತಿಲ್ಲಂತ” ಎಂದ.

ಮಧ್ಯಾಹ್ನ ಅವನು ಊರಿಗೆ ಮರಳಿದಾಗ ಚಂದಮ್ಮ ತನ್ನ ಹೊಲದಲ್ಲಿ ಸಸಿಗಳನ್ನು ಇಳಿಸಿಕೊಂಡು ಅವನಿಗಾಗಿ ಕಾಯುತ್ತಿದ್ದಳು.

“ಯಾಕ ಮಲ್ಕಪ್ಪಣ್ಣ, ಬೀಗರು ಊಟಕ್ಕ ಕರೀಲಿಲ್ಲೇನು? ಮಾರಿ ಹಂಗ್ಯಾಕ ಮಾಡೀದಿ? ಗಾಡಿ ಹೊಡಿ.”

ಮಲ್ಕಪ್ಪ ಗಾಡಿ ಹತ್ತಿದನೇ ಹೊರತು ಚಾವಿ ತಿರುಗಿಸಲಿಲ್ಲ. ತನ್ನ ಸಾಲನ್ನು ನಂಬಿ ಇವಳು ಗಿಡ ಹಚ್ಚುತ್ತಾಳೆ; ನಾಳೆ ಗಾಡಿಯೇ ನಿಂತರೆ ಆ ಸಂದಿಯಲ್ಲಿ ಕಳೆ ತೆಗೆಯಲು ಕುಂಟೆ ಹೊಡೆಯುವುದು ಯಾವುದರಿಂದ? ಅವನು ಕೆಳಗಿಳಿದ.

“ಇದರ ಅಳತಿ ಬ್ಯಾಡ ತಂಗಿ. ದೊಡ್ಡ ಟ್ರ್ಯಾಕ್ಟರ್ ಹಾಯುವಷ್ಟು ಅಗಲ ಬಿಡು.”

“ಅರ್ಧ ಸಸಿ ಉಳೀತಾವಲ್ಲೋ ಅಣ್ಣ!”

“ಉಳೀಲಿ.”

ಚಂದಮ್ಮ ಅವನ ಮುಖವನ್ನೇ ನೋಡಿದಳು. “ಹಂಗಾದ್ರ ದೊಡ್ಡ ಗಾಡೀನೇ ಸಾಕು, ಮುಂದಿನ ಸಲ ನಿನಗ ಕರೀಬ್ಯಾಡೇನು?”

“ಬ್ಯಾಡವ್ವ” ಎಂದು ಮಲ್ಕಪ್ಪ ಒಡ್ಡಿನ ಮೇಲೆ ಕುಳಿತುಬಿಟ್ಟ.