ಅರ್ಬಾಬರ ಕೋವಿಗೆ ದೊಡ್ಡ ತೋಟೆ

ನಮ್ಮ ವರ್ಕ್‌ಶಾಪಿನ ಮ್ಯಾನೇಜರನ್ನು ಎದುರಿಗೆ ನಾನು ಸಾರ್ ಎಂದೇ ಕರೆಯುತ್ತೇನೆ. ಬರೆಯುವಾಗ ಆ ಹಂಗಿಲ್ಲ. ಹಾಗಾಗಿ ಇಲ್ಲಿ ಅವನು ಬರೀ ಅವನು.

ದೋಹಾದ ಸನಾಯಿಯಾದಲ್ಲಿ, ಅಂದರೆ ಕೈಗಾರಿಕಾ ಪ್ರದೇಶದಲ್ಲಿ, ಲೇತಿನ ಮುಂದೆ ನಿಂತು ನನಗೆ ಹದಿನೇಳು ವರ್ಷವಾಯಿತು. ಪಂಪಿನ ಶಾಫ್ಟು, ಬುಶ್ಶು, ಗೇಟಿನ ಪಿನ್ನು ಮಾಡುವುದು ಕೆಲಸ. ಇಲ್ಲಿಗೆ ಬರುವ ಮೊದಲು ಪುತ್ತೂರಿನ ಕಡೆ, ಲೈಸನ್ಸ್ ಇದ್ದ ಒಬ್ಬ ಕೋವಿ ರಿಪೇರಿಯವರ ಬಳಿ ಎಂಟು ವರ್ಷ ದುಡಿದಿದ್ದೆ. ಮ್ಯಾನೇಜರ್ ಉಡುಪಿಯವನು, ನನಗಿಂತ ಹದಿನೈದು ವರ್ಷ ಚಿಕ್ಕವನು, ವಾಸ ಲುಸೈಲಿನ ಫ್ಲ್ಯಾಟಿನಲ್ಲಿ. ಇಂಜಿನಿಯರಿಂಗ್ ಓದಿದ್ದಾನೆ, ಓದಿದ್ದೇನೆಂದು ದಿನವೂ ಹೇಳುತ್ತಾನೆ. ಮೈಕ್ರೋಮೀಟರನ್ನು ತಲೆಕೆಳಗಾಗಿ ಹಿಡಿದು ಅಳತೆ ಓದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಳೆದ ಚಳಿಗಾಲದಲ್ಲಿ ನಮ್ಮ ಅರ್ಬಾಬ್, ಎಂದರೆ ವರ್ಕ್‌ಶಾಪಿನ ಕತಾರಿ ಯಜಮಾನರು, ಮಾತಿನ ಮಧ್ಯೆ ತಮ್ಮ ತಂದೆಯ ಹಳೆಯ ರೈಫಲ್ಲಿನ ಸುದ್ದಿ ತೆಗೆದರು. ಒಂದೊಂದೇ ತೋಟೆ ತುಂಬಿ ಹೊಡೆಯುವ ಕೋವಿ. ಲೈಸನ್ಸ್ ಇತ್ತು, ಆದರೆ ಅದರ ತೋಟೆ ಈಗ ಎಲ್ಲಿಯೂ ಸಿಗುವುದಿಲ್ಲ. ಸಾಯುವುದರೊಳಗೆ ಒಮ್ಮೆ ಅದರ ಸದ್ದು ಕೇಳಬೇಕು ಎಂದು ಮುದುಕರು ನಕ್ಕರು. ಅಷ್ಟೇ. ಅದೊಂದು ಆಸೆ, ಆರ್ಡರ್ ಅಲ್ಲ. ಇವನು ಮಾತ್ರ ಕುರ್ಚಿಯಿಂದ ಎದ್ದೇ ಬಿಟ್ಟ.

“ನೋ ಪ್ರಾಬ್ಲಮ್ ಅರ್ಬಾಬ್. ನಿಮ್ಮ ಮಗನ ರೈಫಲ್ಲಿನ ತೋಟೆ ಇದಕ್ಕೆ ಹಾಕುವ ಹಾಗೆ ಮಾಡಿಕೊಡ್ತೇನೆ.”

ಮರುದಿನ ಕೋವಿ ನನ್ನ ಬೆಂಚಿನ ಮೇಲಿತ್ತು.

“ಗುಂಡಿನ ಸೈಜು ಎರಡಕ್ಕೂ ಒಂದೇ ಮಾರಾಯ್ರೆ. ತೋಟೆ ಕೂರುವ ಗೂಡು ಮಾತ್ರ ಸ್ವಲ್ಪ ದೊಡ್ಡದು ಮಾಡಿದ್ರೆ ಆಯ್ತು. ನಾನು ವೀಡಿಯೋ ನೋಡಿದ್ದೇನೆ,” ಎಂದ.

ನಾನು ಕೋವಿಯನ್ನು ಬೆಳಕಿಗೆ ಹಿಡಿದೆ. ನಳಿಗೆಯ ಹಿಂಬಾಗಿಲನ್ನು ಮುಚ್ಚುವ ಉಕ್ಕಿನ ತುಂಡು ಸವೆದಿತ್ತು. ಮುಚ್ಚಿದ ಮೇಲೂ ಸಿಗರೇಟು ಪ್ಯಾಕಿನ ಕಾಗದದ ಎರಡು ಪದರ ಸಂದಿಯಲ್ಲಿ ಸಲೀಸಾಗಿ ಹೋಗಿ ಬಂತು. ಅದನ್ನು ಹಿಡಿದಿಡುವ ಪಿನ್ನೂ ಅಲುಗುತ್ತಿತ್ತು.

“ಸಾರ್, ಗುಂಡು ಒಂದೇ ಇರಬಹುದು, ಮದ್ದು ಒಂದೇ ಅಲ್ಲ. ದೊಡ್ಡ ತೋಟೆಯ ಒತ್ತಡ ಹಿಂದಕ್ಕೂ ಬರ್ತದೆ. ಈ ಬಾಗಿಲು ತಡೆಯುವುದಿಲ್ಲ. ಗೂಡು ಕೊರೆದ್ರೆ ನಳಿಗೆಯ ಗೋಡೆಯೂ ತೆಳ್ಳಗಾಗ್ತದೆ. ಹೊಡೆಯುವವನ ಮುಖಕ್ಕೇ ಬರುವುದು. ಇಂಥ ಕೆಲಸಕ್ಕೆ ನಮಗೆ ಪರವಾನಗಿಯೂ ಇಲ್ಲ.”

“ಆಗಿನ ಕಾಲದ ಸ್ಟೀಲು ಈಗ ಎಲ್ಲಿ ಸಿಗ್ತದೆ? ನಿಮಗೆ ಥಿಯರಿ ಗೊತ್ತಿಲ್ಲ. ಹೆದರಿಕೆ ಮಾತ್ರ ಉಂಟು.”

ನಾನು ಮಾಡುವುದಿಲ್ಲ ಎಂದೆ. ಹಾಗಾದರೆ ತಾನೇ ಮಾಡುತ್ತೇನೆಂದು, ಎಲ್ಲಿಂದಲೋ ಕೊರೆಯುವ ಟೂಲು ತರಿಸಿ, ನಾನು ಊಟಕ್ಕೆ ಹೋದ ಹೊತ್ತಿನಲ್ಲಿ ನನ್ನದೇ ಲೇತಿನಲ್ಲಿ ನಳಿಗೆ ಕೂರಿಸಿ ಗೂಡು ಕೊರೆದ. ಬಹುಶಃ ಡಿಗ್ರಿ ಬಂದ ಮೇಲೆ ಅವನ ಬೆರಳಿಗೆ ಗ್ರೀಸ್ ತಾಗಿದ್ದು ಅದೇ ಮೊದಲು. ವಾಪಸು ಬಂದು ಟಾರ್ಚ್ ಹಾಕಿ ನೋಡಿದರೆ ಒಳಗೆಲ್ಲ ಗೀರು, ತೆಂಗಿನಕಾಯಿ ತುರಿದ ಹಾಗೆ. “ಫಿನಿಶಿಂಗ್ ಹೇಗೆ?” ಎಂದು ಕೇಳಿದ. ಕೇಳಲು ನಾಚಿಕೆಯೂ ಇರಲಿಲ್ಲ. ಕೋವಿಯ ಪೆಟ್ಟಿಗೆಯ ಒಳಗೆ ವೆಲ್ವೆಟ್ ಬಟ್ಟೆ ಹಾಸಿ, ಮುಚ್ಚಳಕ್ಕೆ ಕಂಪನಿಯ ಸ್ಟಿಕ್ಕರ್ ಅಂಟಿಸಿದ. ಅಲ್ಲಿಯವರೆಗಿನ ಕೆಲಸದಲ್ಲಿ ನೆಟ್ಟಗೆ ಆಗಿದ್ದು ಆ ಸ್ಟಿಕ್ಕರ್ ಒಂದೇ.

ಒಂದು ಶುಕ್ರವಾರ ನಮಾಜಿನ ನಂತರ ಅಲ್ ಶಮಾಲ್ ಕಡೆಯ ಅರ್ಬಾಬರ ತೋಟಕ್ಕೆ ಹೋದೆವು. ಗರಾಫಾದ ನನ್ನ ಕೋಣೆಯಿಂದ ಅವನು ನನ್ನನ್ನು ಕಾರಿಗೆ ಹತ್ತಿಸಿಕೊಂಡಿದ್ದು ಪೆಟ್ಟಿಗೆ ಹೊರಲಿಕ್ಕೆ. ದಾರಿಯುದ್ದಕ್ಕೂ ತನಗೆ ಸಿಗಲಿರುವ ಪ್ರಮೋಶನ್ನಿನ ಮಾತು. ತೋಟದಲ್ಲಿ ನಾಲ್ಕು ಖರ್ಜೂರದ ಸಾಲು, ಆಡಿನ ಕೊಟ್ಟಿಗೆ, ಒಂದು ಬಿಳಿ ಪ್ಲಾಸ್ಟಿಕ್ ನೀರಿನ ಟ್ಯಾಂಕು. ಆಚೆಗೆ ಬರೀ ಮರಳು. ಅರ್ಬಾಬ್ ಕೋವಿಯನ್ನು ಎತ್ತಿ ಮರದ ಹಿಡಿಯನ್ನು ಸವರಿದರು. ಮಗನ ರೈಫಲ್ಲಿನ ತೋಟೆಯೊಂದನ್ನು ಮೇಜಿನ ಮೇಲಿಟ್ಟರು. ಆಮೇಲೆ ಕೋವಿಯನ್ನು ಮ್ಯಾನೇಜರನ ಕಡೆಗೆ ಚಾಚಿದರು. ಅವರ ಬಾಯಲ್ಲಿ ಮ್ಯಾನೇಜರ್ ಎಂದರೆ ಮುದೀರ್.

“ಯಲ್ಲಾ, ಮುದೀರ್. ಮಾಡಿದವನು ನೀನು. ಮೊದಲ ಗುಂಡು ನಿನ್ನದು.”

ಅವನ ಮುಖದಲ್ಲಿದ್ದ ನಗು ಹಾಗೇ ಇತ್ತು, ಬಣ್ಣ ಮಾತ್ರ ಹೋಯಿತು. ತನಗೆ ಲೈಸನ್ಸ್ ಇಲ್ಲವೆಂದ. ತಮ್ಮ ಜಮೀನಿನಲ್ಲಿ, ತಾವು ಪಕ್ಕದಲ್ಲಿರುವಾಗ ಆ ಚಿಂತೆ ಬೇಡವೆಂದರು ಅರ್ಬಾಬ್. ಭುಜ ನೋವು, ಬ್ಯಾಡ್ಮಿಂಟನ್ ಆಡುವಾಗ ಉಳುಕಿದೆ ಎಂದ. ಎರಡನೆಯ ನೆಪವೂ ಮುಗಿದಾಗ ನನ್ನ ಕಡೆ ತಿರುಗಿ ಕನ್ನಡದಲ್ಲಿ ಮೆಲ್ಲಗೆ ಹೇಳಿದ: “ನೀವು ಹೊಡೀರಿ ಮಾರಾಯ್ರೆ. ನಿಮಗೆ ಊರಿನ ಅಭ್ಯಾಸ ಉಂಟಲ್ಲ?”

ಒಡೆಯುತ್ತದೆಂದು ನಾನು ಅವನಿಗೆ ಹೇಳಿದ್ದೆ. ಅವನು ನಂಬಿರಲಿಲ್ಲ ಎಂದುಕೊಂಡಿದ್ದೆ. ನಂಬಿದ್ದ! ನಂಬಿಯೇ ನನ್ನ ಕೈಗೆ ಕೊಡಲು ಹೊರಟಿದ್ದ. ಮನುಷ್ಯ ಇಷ್ಟು ಅಗ್ಗವಾಗಿರಬಹುದೆಂದು ಅಂದಿನವರೆಗೆ ನನಗೆ ಗೊತ್ತಿರಲಿಲ್ಲ.

“ಮಾಫಿ,” ಎಂದೆ, ಅರ್ಬಾಬರಿಗೆ ಕೇಳುವ ಹಾಗೆ. ಆಗುವುದಿಲ್ಲ.

“ಯಾಕೆ?” ಅರ್ಬಾಬ್ ನನ್ನನ್ನೇ ನೋಡಿದರು.

“ಫಟ್ ಜಾಯೇಗಾ, ಅರ್ಬಾಬ್.” ಒಡೆಯುತ್ತದೆ ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ.

ಅವರು ಕೋವಿಯನ್ನು ಮೇಜಿನ ಮೇಲಿಟ್ಟರು. ತೋಟದ ಕೆಲಸದವನನ್ನು ಕರೆದು ಎರಡು ಹಳೆಯ ಟಯರು, ಉದ್ದ ಹಗ್ಗ ತರಿಸಿದರು. ಕೋವಿಯನ್ನು ಟಯರುಗಳ ನಡುವೆ ಬಿಗಿದು, ಮರಳಿನ ದಿಬ್ಬಕ್ಕೆ ಮುಖ ಮಾಡಿ, ಟ್ರಿಗರಿಗೆ ಹಗ್ಗ ಕಟ್ಟಿ ನಾವೆಲ್ಲ ತೋಟದ ಪಿಕಪ್ಪಿನ ಹಿಂದೆ ಕುಳಿತೆವು. ಎಲ್ಲರಿಗಿಂತ ಕೆಳಗೆ ಬಗ್ಗಿದವನು ನಮ್ಮ ಇಂಜಿನಿಯರ್. ಹಗ್ಗ ಎಳೆದವರು ಅರ್ಬಾಬ್.

ಅದು ಗುಂಡು ಹೊಡೆದ ಸದ್ದಾಗಿರಲಿಲ್ಲ, ತಗಡು ಹರಿದ ಸದ್ದು. ಹೊಗೆ ಹೋದ ಮೇಲೆ ನೋಡಿದರೆ ಮರದ ಹಿಡಿ ಉದ್ದಕ್ಕೆ ಸೀಳಿತ್ತು, ನಳಿಗೆಯ ಹಿಂದುಗಡೆ ಬಾಯಿ ತೆರೆದಿತ್ತು. ಬಾಗಿಲಿನ ಉಕ್ಕಿನ ತುಂಡು ಇರಲೇ ಇಲ್ಲ. ಹಿಂದಿದ್ದ ನೀರಿನ ಟ್ಯಾಂಕಿನಲ್ಲಿ, ನಿಂತ ಮನುಷ್ಯನ ಮುಖದ ಎತ್ತರದಲ್ಲಿ, ತೂತು ಬಿದ್ದು ನೀರು ಸುರಿಯುತ್ತಿತ್ತು.

“ಮೆಟೀರಿಯಲ್ ಡಿಫೆಕ್ಟ್, ಅರ್ಬಾಬ್,” ಎಂದ ಅವನು ಎದ್ದು ಪ್ಯಾಂಟಿನ ಮರಳು ಕೊಡವುತ್ತ. “ತುಂಬಾ ಹಳೇ ಸ್ಟೀಲು.”

ಅರ್ಬಾಬ್ ಅವನ ಕಡೆ ತಿರುಗಲೂ ಇಲ್ಲ. ಸೀಳಿದ ಹಿಡಿಯ ಎರಡು ಹೋಳುಗಳನ್ನು ಜೋಡಿಸಿ ನೋಡಿದರು. ಆಮೇಲೆ ನನ್ನನ್ನು ಕೇಳಿದರು.

“ನಿನಗೆ ಯಾವಾಗ ಗೊತ್ತಾಯಿತು?”

“ವರ್ಕ್‌ಶಾಪಿಗೆ ಕೋವಿ ಬಂದ ದಿನವೇ.”

“ಯಾರಿಗೆ ಹೇಳಿದೆ?”

“ಮುದೀರ್‌ಗೆ.”

“ಕೋವಿ ಮುದೀರನದಾ?” ಹೋಳುಗಳನ್ನು ಕೆಳಗಿಟ್ಟರು. “ಹೋದ ಶುಕ್ರವಾರ ಕೋವಿ ಯಾವಾಗ ಬರುತ್ತದೆಂದು ನನ್ನ ಮೊಮ್ಮಕ್ಕಳು ಇಲ್ಲೇ ನಿಂತು ಕೇಳುತ್ತಿದ್ದರು. ಖಲಾಸ್, ಹೋಗಿ.”

ಅರ್ಬಾಬರಿಗೇ ನೇರ ಹೇಳಬಹುದಿತ್ತು. ಮ್ಯಾನೇಜರನನ್ನು ದಾಟಿ ಮಾತಾಡಿದರೆ ವೀಸಾ ಏನಾದೀತೋ ಎಂಬ ಭಯವಿತ್ತು, ನಿಜ. ಆದರೆ ಅರ್ಧ ಕಾರಣ ಬೇರೆಯೇ ಇತ್ತು: ಇವನು ಒಮ್ಮೆ ಎಲ್ಲರೆದುರು ಮಣ್ಣು ಮುಕ್ಕಲಿ ಎಂದು ಒಳಗೊಳಗೇ ಕಾದಿದ್ದೆ. ಆ ಕಾಯುವಿಕೆಯಲ್ಲಿ ಕೋವಿಯನ್ನು ಯಾರು ಹಿಡಿಯುತ್ತಾರೆಂದು ನಾನು ಯೋಚಿಸಿರಲೇ ಇಲ್ಲ.

ವಾಪಸು ಬರುವಾಗ ಕಾರಿನಲ್ಲಿ ಅವನು ಎಸಿ ಜೋರು ಮಾಡಿ, “ಟಯರಿನ ಐಡಿಯಾ ಒಳ್ಳೆಯದಾಯ್ತು, ನಾನೂ ಅದನ್ನೇ ಹೇಳಬೇಕಂತ ಇದ್ದೆ,” ಎಂದ. ಮುಂದಿನ ತಿಂಗಳು ನಮ್ಮ ಊರಿನವರ ಒಂದು ಊಟದಲ್ಲಿ ಆ ಐಡಿಯಾ ಪೂರ್ತಿ ಅವನದಾಗಿತ್ತು. ಕೋರಿ ರೊಟ್ಟಿ ಬಡಿಸಿಕೊಳ್ಳುತ್ತ ಹೇಳುತ್ತಿದ್ದ, ಕೇಳುವವರು ತಲೆದೂಗುತ್ತಿದ್ದರು. ನಾನು ನನ್ನ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದೆ. ಅಷ್ಟು ಮಾತ್ರ ಮಾಡಿದೆ.

ಅರ್ಬಾಬ್ ಅವನನ್ನು ತೆಗೆದುಹಾಕಲಿಲ್ಲ. ಪ್ರಮೋಶನ್ನೂ ಕೊಡಲಿಲ್ಲ. ಈಗಲೂ ವಾರಕ್ಕೊಮ್ಮೆ ವರ್ಕ್‌ಶಾಪಿಗೆ ಬರುತ್ತಾರೆ. ಮೊದಲೆಲ್ಲ ನನ್ನ ಲೇತಿನ ಹತ್ತಿರ ನಿಂತು ಊರಿನ ಮಳೆ, ಮಕ್ಕಳ ಓದು ವಿಚಾರಿಸುತ್ತಿದ್ದರು. ಈಗ ಬಾಗಿಲಿನಿಂದಲೇ ಒಂದು ಸಲಾಂ ಹೇಳಿ ಹೋಗುತ್ತಾರೆ, ನನಗೂ ಅವನಿಗೂ ಒಟ್ಟಿಗೆ. ಅವನಿಗೆ ಅದರಲ್ಲಿ ಏನೂ ಅನಿಸಿದಂತಿಲ್ಲ, ಕೈಯೆತ್ತಿ ನಗುತ್ತಾನೆ. ನಾನು ಮಾತ್ರ ಮಷಿನ್ ನಿಲ್ಲಿಸದೆ ತಲೆ ತಗ್ಗಿಸುತ್ತೇನೆ.